ಸ್ಲ್ಯಾಬ್ ತಟ್ಟಿ ಕೇಳುವುದು ಹೇಗೆ?

ಹಳೇ ಆರ್‌ಸಿಸಿ ಮನೆಯ ಸೂರಿನಿಂದ ಒಂದು ಚೂರು ಉದುರಿದರೆ ಸಾಕು, ಮೇಸ್ತ್ರಿ ಬರುತ್ತಾರೆ. ನಾಲ್ಕು ಕಡೆ ಜೋರಾಗಿ ಕುಟ್ಟಿ, ‘ಪೂರ್ತಿ ಒಡೀಬೇಕು ಸಾರ್’ ಅನ್ನುತ್ತಾರೆ. ಇಲ್ಲವೇ ‘ಪುಟ್ಟಿ ಹಾಕಿದ್ರೆ ಆಯ್ತು’ ಅನ್ನುತ್ತಾರೆ. ಅರ್ಧ ನಿಮಿಷದ ಈ ತೀರ್ಪನ್ನು ನಂಬಬೇಡಿ. ಒಳಗೆ ಟೊಳ್ಳಿದೆಯೇ ಎಂದು ನೀವೇ ತಟ್ಟಿ, ಸದ್ದು ಕೇಳಿ ನೋಡಬಹುದು.

ಮೊದಲು ಸಾಮಾನು. 200–250 ಗ್ರಾಂ ತೂಕದ, ಗುಂಡು ತಲೆಯ ಉಕ್ಕಿನ ಸುತ್ತಿಗೆ, ಚಾಕ್‌ಪೀಸ್, ಕಣ್ಣಿಗೆ ಕನ್ನಡಕ. ರಬ್ಬರ್ ಸುತ್ತಿಗೆ ಬೇಡವೇ ಬೇಡ, ಅದು ಶಬ್ದವನ್ನೇ ನುಂಗುತ್ತದೆ. ಫ್ಯಾನ್, ಟಿ.ವಿ. ಆಫ್ ಮಾಡಿ. ಸೂರಿಗೆ ಅಡಿಗೊಂದು ಗೆರೆಯಂತೆ ಚೌಕ ಹಾಕಿ. ಜೋತುಬಿದ್ದ ಚೂರಿದ್ದರೆ ಅದರ ಕೆಳಗೆ ನಿಲ್ಲಬೇಡಿ.

ಇನ್ನು ತಟ್ಟುವುದು. ಎಲ್ಲರೂ ಕೆಡಿಸುವುದು ಇಲ್ಲೇ. ಜೋರಾಗಿ ಹೊಡೆದರೆ ಕೇಳಿಸುವುದು ಬರೀ ಸುತ್ತಿಗೆಯ ಸದ್ದು. ಮಣಿಕಟ್ಟಿನಿಂದ ಹಗುರಾಗಿ, ಎಲ್ಲ ಕಡೆ ಒಂದೇ ಬಲದಲ್ಲಿ ತಟ್ಟಿ. ಬಿರುಕು, ಕಲೆ ಇಲ್ಲದ ಜಾಗದಲ್ಲಿ ಶುರು ಮಾಡಿ, ಆ ‘ಠಣ್’ ಕಿವಿಯಲ್ಲಿ ಕೂರಲಿ. ಒಳಗೆ ಕಂಬಿ ತುಕ್ಕು ಹಿಡಿದಾಗ ಉಬ್ಬುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಕು. ಅದು ಕೆಳಗಿನ ಕಾಂಕ್ರೀಟ್ ಪದರವನ್ನು ತಳ್ಳಿ ಬಿಡಿಸುತ್ತದೆ. ಬಿಟ್ಟ ಪದರ ತಮಟೆಯ ಚರ್ಮದಂತೆ ಅದುರಿ ‘ದಬ್’ ಅನ್ನುತ್ತದೆ. ಹಾಗೆ ಕೇಳಿದ ಕಡೆ ಎರಡೆರಡು ಇಂಚಿಗೆ ತಟ್ಟುತ್ತಾ ಅಂಚು ಹುಡುಕಿ, ಚಾಕ್‌ನಿಂದ ಸುತ್ತು ಹಾಕಿ. ಫ್ಯಾನ್ ಬಾಕ್ಸ್ ಸುತ್ತ ಟೊಳ್ಳಾಗಿ ಕೇಳಿದರೆ ಗಾಬರಿ ಬೇಡ, ಆ ಡಬ್ಬಿಯೇ ಟೊಳ್ಳು.

ಆದರೆ ‘ದಬ್’ ಅಂದದ್ದು ಬರೀ ಪ್ಲಾಸ್ಟರ್ ಇರಬಹುದು, ಅಲ್ವಾ? ಸುತ್ತು ಹಾಕಿದ ಕಡೆ ಅಂಗೈಯಷ್ಟಗಲ ಪ್ಲಾಸ್ಟರ್ ಕೆತ್ತಿಸಿ, ಬರಿ ಕಾಂಕ್ರೀಟ್ ಮೇಲೆ ಮತ್ತೆ ತಟ್ಟಿ. ಠಣ್ ಅಂದರೆ ಪ್ಲಾಸ್ಟರ್ ಖರ್ಚು ಮಾತ್ರ. ಈಗಲೂ ದಬ್ ಅಂದರೆ ಪದರ ಬಿಟ್ಟಿದೆ, ಎಂಜಿನಿಯರ್‌ನ ಕರೆಸಿ. ಈ ಒಂದು ಹೆಜ್ಜೆ ಬಿಟ್ಟು ಇಡೀ ಹಾಲ್‌ನ ಸೂರು ಒಡೆಸಿಕೊಂಡವರನ್ನು ನಾನು ನೋಡಿದ್ದೇನೆ. ಟೊಳ್ಳಿನ ಮೇಲೇ ಪುಟ್ಟಿ ಬಳಿಯುವುದು ಇನ್ನೂ ಕೆಟ್ಟದ್ದು. ಒಳಗೆ ತುಕ್ಕು ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ.

ಸುತ್ತಿಗೆಗೆ ಸಿಗುವುದು ತಟ್ಟುವ ಬದಿಯ ಪದರದ ದೋಷ ಮಾತ್ರ. ಆಳಕ್ಕೆ ಅಲ್ಟ್ರಾಸಾನಿಕ್ ಪರೀಕ್ಷೆ ಬೇಕು. ಕಾಂಕ್ರೀಟಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಶಬ್ದದ ಅಲೆ ಎಷ್ಟು ಹೊತ್ತಿನಲ್ಲಿ ದಾಟಿತು ಎಂದು ಅಳೆಯುತ್ತಾರೆ. ಒಳ್ಳೆಯ ಕಾಂಕ್ರೀಟಿನಲ್ಲಿ ವೇಗ ಸೆಕೆಂಡಿಗೆ ಸುಮಾರು 3.5ರಿಂದ 4.5 ಕಿ.ಮೀ. 3ಕ್ಕಿಂತ ಕಡಿಮೆ ಬಂದರೆ ಅನುಮಾನಪಡಿ. ಬಂದವರು ಮೊದಲು ಯಂತ್ರದ ಜೊತೆಗೇ ಬರುವ ಅಳತೆಯ ಕಂಬಿಯ ಮೇಲೆ ಯಂತ್ರ ಸರಿಹೊಂದಿಸಿದರೇ, ಗ್ರೀಸ್ ಅಥವಾ ಜೆಲ್ ಹಚ್ಚಿದರೇ ಎಂದು ಪಕ್ಕದಲ್ಲೇ ನಿಂತು ನೋಡಿ. ಪೇಂಟ್ ಮೇಲೆ ಒತ್ತಿ ಸುಮ್ನೆ ನಂಬರ್ ಬರೆದುಕೊಂಡರೆ ದುಡ್ಡು ಕೊಡಬೇಡಿ. ಸ್ಲ್ಯಾಬ್ ಒಳಗಿನ ಕಂಬಿಯ ಉದ್ದಕ್ಕೇ ಅಳೆದರೂ ತಪ್ಪು. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ 5 ಕಿ.ಮೀ.ಗಿಂತ ಜಾಸ್ತಿ ಓಡುತ್ತದೆ, ಕೆಟ್ಟ ಕಾಂಕ್ರೀಟೂ ಒಳ್ಳೆಯದಾಗಿ ಕಾಣುತ್ತದೆ. ಸ್ಲ್ಯಾಬ್ ನೆನೆದಿದ್ದರೂ ವೇಗ ಹೆಚ್ಚಿಗೆ ಬರುತ್ತದೆ, ಹಾಗಾಗಿ ಒಣಗಿದ ಮೇಲೇ ಮಾಡಿಸಿ.

ಚಾಕ್ ಗುರುತುಗಳ ಫೋಟೋ ತೆಗೆದು ತಾರೀಖು ಬರೆದಿಡಿ. ಮುಂದಿನ ಮಳೆಗಾಲ ಕಳೆದ ಮೇಲೆ ಅದೇ ಸುತ್ತಿಗೆಯಿಂದ ಮತ್ತೆ ತಟ್ಟಿ, ಸುತ್ತು ದೊಡ್ಡದಾಗಿದೆಯೇ ನೋಡಿ.