ಪಶ್ಚಿಮದ ಗೋಡೆಗೆ ತೊಂಡೆ ಬಳ್ಳಿ

ರಾಯಚೂರಿನ ಬೇಸಿಗೆ ಕಂಡವರಿಗೆ ಗೊತ್ತು, 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಹಾಕಿದರೂ ಬಿಸಿ ಗಾಳಿಯೇ. ನಮ್ಮ ಮಲಗುವ ಕೋಣೆಯ ಗೋಡೆ ಪಶ್ಚಿಮಕ್ಕಿದೆ. ಮೂರು ಗಂಟೆಯ ಮೇಲೆ ಬಿಸಿಲು ಓರೆಯಾಗಿ ಬೀಳುವುದರಿಂದ ಸಜ್ಜಾ ಇದ್ದೂ ಉಪಯೋಗವಿಲ್ಲ. 9 ಇಂಚಿನ ಇಟ್ಟಿಗೆ ಗೋಡೆ ಅಲ್ವಾ, ಸಂಜೆವರೆಗೆ ಕುಡಿದ ಬಿಸಿಯನ್ನು ಸರಿಯಾಗಿ ನಾವು ಮಲಗೋ ಹೊತ್ತಿಗೆ ಒಳಗೆ ಬಿಡುತ್ತದೆ.

ಮೊದಲ ವರ್ಷ ಸೆಕೆ ಶುರುವಾದ ಮೇಲೆ ಎಚ್ಚರವಾಯಿತು. ಗೋಡೆಗೆ ನೆರಳಾಗಲಿ ಅಂತ ಯುಗಾದಿ ಕಳೆದು ಹೀರೆ ಬೀಜ ಹಾಕಿ, ಗೋಡೆಗೇ ದಾರ ಕಟ್ಟಿ ಹಬ್ಬಿಸಿದೆ. ಎಳೆ ಕುಡಿಗಳು ಕಾದ ಗೋಡೆಗೆ ತಾಗಿ ಕರಕಲಾದವು.

ಮರುವರ್ಷ ದೀಪಾವಳಿಗೇ ಶುರು ಮಾಡಿದೆ. ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಮೂರು ಹಳೇ ಪೈಪ್ ನೆಟ್ಟು ನೈಲಾನ್ ಬಲೆ ಕಟ್ಟಿದೆ. ಈ ಸಂದು ಬೇಕೇ ಬೇಕು. ಗೋಡೆ ಪಕ್ಕದ ಬಿಸಿ ಗಾಳಿ ಅದರಲ್ಲೇ ಮೇಲಕ್ಕೆ ಹೋಗುತ್ತದೆ, ಗೋಡೆಗೆ ತೇವವೂ ಹಿಡಿಯುವುದಿಲ್ಲ. ಬುಡಕ್ಕೆ ಪೆನ್ಸಿಲ್ ದಪ್ಪದ ತೊಂಡೆ ಕಡ್ಡಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ. ಚಳಿಯಲ್ಲಿ ತೊಂಡೆ ಸೋಮಾರಿ, ಹಾಗಾಗಿ ಸಂಕ್ರಾಂತಿ ಹೊತ್ತಿಗೆ ನಡುನಡುವೆ ಹೀರೆ ಬೀಜ ಊರಿದೆ. ಹೀರೆ ಎರಡು ತಿಂಗಳಲ್ಲಿ ಬಲೆ ತುಂಬಿತು. ಏಪ್ರಿಲ್ ಕೊನೆಗೆ ಅದು ಒಣಗುವಷ್ಟರಲ್ಲಿ ತೊಂಡೆ ಆ ಜಾಗ ಹಿಡಿದಿತ್ತು. ನುಗ್ಗೆಯನ್ನೂ ಹಾಕಿದ್ದೆ. ಭರಭರ ಬೆಳೆಯಿತು, ಆದರೆ ನೆರಳು ತೆಳು, ಮಳೆಗಾಲದಲ್ಲಿ ಕಾಂಡದ ತುಂಬಾ ಕಂಬಳಿಹುಳು. ಕಡಿದು ಹಾಕಿದೆ.

ನೀರಿಗೆ ಬಚ್ಚಲ ಪೈಪನ್ನೇ ಆ ಕಡೆ ತಿರುಗಿಸಿದೆ. ಬುಡಕ್ಕೆ ಜೋಳದ ಕಣಿಕೆ ಮುಚ್ಚಿದ್ದರಿಂದ ದಿನ ಬಿಟ್ಟು ದಿನ ನೀರು ಸಾಕಾಯಿತು.

ಬಲೆ ಗೋಡೆಯ ಅರ್ಧಕ್ಕೆ ಮಾತ್ರ ಇದೆ, ಹಾಗಾಗಿ ಫಲ ಏನು ಅಂತ ಹೋಲಿಸಿ ನೋಡುವುದು ಸುಲಭ. ಮೇ ತಿಂಗಳಲ್ಲಿ ಒಂದು ರಾತ್ರಿ ಒಂಬತ್ತಕ್ಕೆ ಕೋಣೆಯೊಳಗಿಂದ ಗೋಡೆಗೆ ಅಂಗೈ ಇಟ್ಟು ನೋಡಿದೆ. ಬಳ್ಳಿ ಇಲ್ಲದ ಕಡೆ ಈಗಷ್ಟೇ ಒಲೆಯಿಂದ ಇಳಿಸಿದ ಹಂಚಿನ ಹಾಗೆ, ಬಳ್ಳಿ ಇರುವ ಕಡೆ ಸುಮ್ನೆ ಬೆಚ್ಚಗೆ. ಮಂಚವನ್ನು ಆ ಕಡೆಗೆ ಎಳೆದುಕೊಂಡೆವು. ತಾರಸಿ ಕಾಯುವುದು ಬೇರೆಯೇ ಕಥೆ, ಬಳ್ಳಿ ಅದಕ್ಕೆ ಏನೂ ಮಾಡಲಿಲ್ಲ.

"ದಿನಾ ತೊಂಡೆಕಾಯಿ ಪಲ್ಯ ಅಂದ್ರ ಹೆಂಗಪಾ?" ಅಂತ ಅವ್ವನ ತಕರಾರು. ಮೊನ್ನೆ ಪಕ್ಕದ ಮನೆಯ ಅಕ್ಕ ಬಲೆ ನೋಡಿ, "ನಮಗೂ ಎರಡು ಕಡ್ಡಿ ಕೊಡ್ರಿ, ಇವತ್ತೇ ಹಚ್ತೀನಿ" ಅಂದರು. ದೀಪಾವಳಿಗೆ ಬರ್ರಿ ಅಂದೆ.