ಕಾರಿಗೆ ಹೊಸ ಟೈರು: ರಿಮ್ಮಿಗೆ ಏರಿಸುವ ಮೊದಲು ನಾನು ನೋಡುವುದು

ಹೊಸ ಟೈರು ರಿಮ್ಮಿಗೆ ಏರಿ ರಸ್ತೆ ಮುಟ್ಟಿತೆಂದರೆ ಅಂಗಡಿಯವರು ವಾಪಸು ತೆಗೆದುಕೊಳ್ಳುವುದು ಅಪರೂಪ. ಹಾಗಾಗಿ ನೋಡಬೇಕಾದದ್ದನ್ನು ಅದಕ್ಕೂ ಮೊದಲೇ ನೋಡಿ ಮುಗಿಸುತ್ತೇನೆ. ಶುರುಮಾಡುವುದು ಹಳೆಯ ಟೈರಿನಿಂದ.

ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆಯಿತ್ತು. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಿತ್ತು. ಒಂದೇ ಅಂಚು ತಿಂದುಹೋಗಿದ್ದರೆ ಚಕ್ರಗಳ ಕೋನ, ಅಂದರೆ ಅಲೈನ್‌ಮೆಂಟ್ ತಪ್ಪಿದೆ. ಟೈರಿನ ಮೇಲೆ ಅಡ್ಡಕ್ಕೆ ಆಡಿಸಿದ ಅಂಗೈ ಒಂದು ಕಡೆಗೆ ನುಣ್ಣಗೆ ಜಾರಿ, ವಾಪಸು ತರುವಾಗ ಗರಗಸದಂತೆ ತಡೆದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ) ಕೆಟ್ಟಿದೆ. (ತಂತಿ ಹೊರಬಂದ ಟೈರಾದರೆ ಬರಿಗೈ ಆಡಿಸಬೇಡಿ, ಸೀಳುತ್ತದೆ.) ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು, ಇಲ್ಲವೇ ಚಕ್ರದ ಬ್ಯಾಲೆನ್ಸ್ (ಸುತ್ತಲೂ ತೂಕದ ಸಮತೋಲ) ತಪ್ಪಿರಬಹುದು. ಕಾರಣ ಸರಿಪಡಿಸದೆ ಹೊಸದನ್ನು ಹಾಕಿದರೆ ಅದೂ ಹಾಗೇ ಸವೆಯುತ್ತದೆ.

ಅಳತೆಯನ್ನು ಹಳೆಯ ಟೈರಿಗಿಂತ ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಿಂದ ಬರೆದುಕೊಳ್ಳುವುದು ಕ್ಷೇಮ. ಹಿಂದಿನ ಮಾಲೀಕರು ಬೇರೆ ಅಳತೆ ಹಾಕಿಸಿರಬಹುದು. 195/65 R15 91H ಎಂದಿದ್ದರೆ, ಅಗಲ 195 ಮಿಲಿಮೀಟರ್, ಪಕ್ಕೆಯ ಎತ್ತರ ಅಗಲದ 65 ಪ್ರತಿಶತ, R ಅಂದರೆ ರೇಡಿಯಲ್ ಕಟ್ಟು (ಒಳಗಿನ ದಾರಗಳು ಅಂಚಿನಿಂದ ಅಂಚಿಗೆ ನೇರ ಸಾಗುವುದು), 15 ಇಂಚಿನ ರಿಮ್. 91 ಅಂದರೆ ಒಂದು ಟೈರು 615 ಕಿಲೋ ಹೊರುತ್ತದೆ. H ಅಂದರೆ ಗಂಟೆಗೆ 210 ಕಿಲೋಮೀಟರ್ ವೇಗದ ಮಿತಿ. ಕೊನೆಯ ಈ ಎರಡನ್ನೇ ಹೆಚ್ಚು ಜನ ಬಿಟ್ಟುಬಿಡುವುದು. ‘ಸೈಜ್ ಅದೇ’ ಎಂದು ಕೊಡುವ ಟೈರಿನಲ್ಲಿ ಭಾರದ ಅಂಕೆ 88 ಇದ್ದರೆ ಹೊರುವ ಶಕ್ತಿ 560 ಕಿಲೋಗೆ ಇಳಿಯಿತು. ಚೀಟಿಯಲ್ಲಿರುವುದಕ್ಕಿಂತ ಕೆಳಗಿನ ಅಂಕೆ ನಾನು ಒಪ್ಪುವುದಿಲ್ಲ.

ಅಗಲ ಹೆಚ್ಚಿಸುವ ಆಸೆಯಿದ್ದರೆ ಮೊದಲು ಲೆಕ್ಕ ಹಾಕಿ. ಮೇಲಿನ ಟೈರಿನ ಒಟ್ಟು ವ್ಯಾಸ 634.5 ಮಿಲಿಮೀಟರ್ (195ರ 65 ಪ್ರತಿಶತವನ್ನು ಎರಡರಿಂದ ಗುಣಿಸಿ, ರಿಮ್ಮಿನ 381 ಸೇರಿಸಿದರೆ ಬರುತ್ತದೆ). 205/60 R15 ಹಾಕಿದರೆ 627. ವ್ಯತ್ಯಾಸ ಸುಮಾರು 1.2 ಪ್ರತಿಶತ. 205/65 ಹಾಕಿದರೆ 647.5, ಅಂದರೆ 2 ಪ್ರತಿಶತ ದೊಡ್ಡದು, ಮೀಟರು ತೋರಿಸುವುದಕ್ಕಿಂತ ಕಾರು ಅಷ್ಟು ಜೋರಾಗಿ ಓಡುತ್ತಿರುತ್ತದೆ, ಚಕ್ರ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜುವ ಸಾಧ್ಯತೆಯೂ ಇದೆ.

ಅಂಗಡಿಯಲ್ಲಿ ಮೊದಲು ಹುಡುಕುವುದು DOT ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕೆ. 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಈ ನಾಲ್ಕು ಅಂಕೆ ಪಕ್ಕೆಯ ಒಂದೇ ಬದಿಯಲ್ಲಿ ಇರುವುದುಂಟು, ಹಾಗಾಗಿ ಟೈರು ಮಗುಚಿ ನೋಡಿ. ಎಲ್ಲ ಟೈರಿನದೂ ನೋಡಬೇಕು; ಜೊತೆಯಲ್ಲಿ ಒಂದು ಹಳೆಯದು ಸೇರಿರುವುದುಂಟು. ವರ್ಷ ದಾಟಿದ್ದನ್ನು ನಾನು ಬೇರೆ ತರಿಸಿ ಎನ್ನುತ್ತೇನೆ.

ಎರಡೇ ಕೊಳ್ಳುವುದಾದರೆ ಹೊಸವು ಹಿಂದಿನ ಆಕ್ಸಲ್‌ಗೆ, ಮುಂಚಕ್ರ ಎಳೆಯುವ ಕಾರಾದರೂ ಸರಿ. ನೀರು ನಿಂತ ರಸ್ತೆಯಲ್ಲಿ ಮುಂದಿನ ಟೈರು ಹಿಡಿತ ಬಿಟ್ಟರೆ ಕಾರು ನೇರ ಜಾರುತ್ತದೆ, ಕಾಲು ಸಡಿಲಿಸಿದರೆ ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಬಿಟ್ಟರೆ ಕಾರು ತಿರುಗಿಯೇಬಿಡುತ್ತದೆ. ನಾಲ್ಕೂ ಚಕ್ರ ಎಳೆಯುವ ಕಾರಿನಲ್ಲಿ ಮಾತ್ರ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಒಳ್ಳೆಯದು, ವ್ಯಾಸದ ವ್ಯತ್ಯಾಸ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ಗೆ ಹೊರೆ.

ಏರಿಸುವಾಗ ಪಕ್ಕದಲ್ಲೇ ನಿಲ್ಲುತ್ತೇನೆ. ರಬ್ಬರ್ ವಾಲ್ವ್ ಹೊಸದು ಹಾಕಿಸಿ. ಟೈರಿನಷ್ಟೇ ಅದಕ್ಕೂ ವಯಸ್ಸಾಗಿರುತ್ತದೆ, ಬುಡದಲ್ಲಿ ಬಿರಿದು ನಿಧಾನವಾಗಿ ಗಾಳಿ ಬಿಡುತ್ತದೆ. ಒಳಗೆ ಗಾಳಿ ಅಳೆಯುವ ಸೆನ್ಸರ್ ಇದ್ದರೆ ಯಂತ್ರಕ್ಕೆ ಹಾಕುವ ಮೊದಲೇ ಹೇಳಿ, ಟೈರನ್ನು ರಿಮ್ಮಿನಿಂದ ಬಿಡಿಸಲು ಒತ್ತುವ ಹಲಗೆ ವಾಲ್ವ್‌ ಹತ್ತಿರ ಬಿದ್ದರೆ ಸೆನ್ಸರ್ ಮುರಿಯುತ್ತದೆ. ಬೀಡ್ (ಟೈರಿನ ಗಟ್ಟಿ ಒಳ ಅಂಚು) ರಿಮ್ಮಿನಲ್ಲಿ ಕೂರುವ ಜಾಗದ ತುಕ್ಕು ಉಜ್ಜಿಸಬೇಕು. ಟೈರಿನ ಮೇಲಿನ ಹಳದಿ ಚುಕ್ಕೆ ಹಗುರ ಬದಿಯ ಗುರುತು, ಅದು ವಾಲ್ವ್ ಪಕ್ಕಕ್ಕೇ ಬರಲಿ. ಬಾಣದ ಗುರುತಿದ್ದರೆ ಮುಂದಕ್ಕೆ ಉರುಳುವ ದಿಕ್ಕಿಗೆ, OUTSIDE ಎಂದಿದ್ದರೆ ಆ ಬದಿ ಹೊರಗೆ. ಬ್ಯಾಲೆನ್ಸ್‌ಗೆ ಬಹಳ ತೂಕ ಕೇಳುತ್ತಿದ್ದರೆ ತೂಕ ಅಂಟಿಸುತ್ತಾ ಹೋಗದೆ, ಗಾಳಿ ತೆಗೆದು ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಲು ಹೇಳಿ. ಎಷ್ಟೋ ಸಲ ಅರ್ಧಕ್ಕೆ ಇಳಿಯುತ್ತದೆ.

ನಟ್‌ಗಳನ್ನು ಗಾಳಿಯ ಗನ್ನಿನಿಂದ ಕೊನೆತನಕ ಬಿಗಿಸಲು ಬಿಡಬೇಡಿ. ನಟ್ ಕೂರುವ ಸ್ಟಡ್ ಎಳೆದುಹೋಗುತ್ತದೆ, ಪಂಕ್ಚರ್ ಆದ ದಿನ ಕಾರಿನ ಸ್ಪ್ಯಾನರಿನಿಂದ ಬಿಚ್ಚಲಾಗುವುದಿಲ್ಲ. ಎದುರುಬದುರು ಕ್ರಮದಲ್ಲಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ, ಕಾರಿನ ಕೈಪಿಡಿ ಹೇಳಿದಷ್ಟು. ಹಲವು ಕಾರುಗಳಿಗೆ 100 ನ್ಯೂಟನ್ ಮೀಟರಿನ ಆಸುಪಾಸು. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿಕೊಳ್ಳಿ.

ಅಲೈನ್‌ಮೆಂಟ್ ಅಂದೇ ಮಾಡಿಸಿ, ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಕೇಳಿ ಪಡೆಯಿರಿ. ಗಾಳಿ ಮಾರನೆಯ ಬೆಳಿಗ್ಗೆ ಟೈರು ತಣ್ಣಗಿರುವಾಗ ಚೀಟಿಯಲ್ಲಿರುವಷ್ಟಕ್ಕೆ ತನ್ನಿ. ಪಕ್ಕೆಯ ಮೇಲೆ MAX ಎಂದು ಬರೆದಿರುವುದು ಟೈರಿನ ಮಿತಿ, ನಿಮ್ಮ ಕಾರಿಗೆ ಬೇಕಾದದ್ದಲ್ಲ. ಮೊದಲ ಕೆಲವು ನೂರು ಕಿಲೋಮೀಟರ್ ಜೋರು ಬ್ರೇಕ್, ಜೋರು ತಿರುವು ಬೇಡ. ಅಚ್ಚಿನಿಂದ ಬಿಡಿಸಲು ಬಳಸಿದ ಲೇಪ ಮೈಮೇಲೆ ಉಳಿದಿರುತ್ತದೆ, ಮಳೆಯಲ್ಲಿ ಜಾರುತ್ತದೆ. ಆಮೇಲೂ 80–100 ಕಿಲೋಮೀಟರ್ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರಗಳ ಬ್ಯಾಲೆನ್ಸ್ ಮತ್ತೆ ನೋಡಿಸಿ. ಸೀಟು ನಡುಗಿದರೆ ಹಿಂದಿನವು.