ರೈಲ್ವೆ ಕಂಪೆನಿಗಳನ್ನು ದೇಶವಾರು ಎಣಿಸುವ ಬಗೆ

ಕಾಸರಗೋಡಿನಿಂದ ಬೆಂಗಳೂರಿಗೆ ಹೊರಟ ರೈಲು ದಕ್ಷಿಣ ರೈಲ್ವೆಯಿಂದ ನೈರುತ್ಯ ರೈಲ್ವೆಗೆ ದಾಟುತ್ತದೆ. ಎರಡೂ ರೈಲ್ವೆ ಸಚಿವಾಲಯದ ವಲಯಗಳು, ಕಂಪೆನಿಗಳಲ್ಲ. ಗೋವಾ ಕಡೆಯ ರೈಲು ಮಂಗಳೂರಿನ ಬಳಿಯ ತೋಕೂರು ದಾಟಿತೋ, ಹಳಿ ಕೊಂಕಣ ರೈಲ್ವೆ ನಿಗಮದ್ದು. ಅದು 1990ರಲ್ಲಿ ನೋಂದಣಿಯಾದ ಕಂಪೆನಿ. ಈ ವ್ಯತ್ಯಾಸ ಗಮನಿಸದೆ ವಲಯಗಳನ್ನೇ ಕಂಪೆನಿ ಎಂದು ಲೆಕ್ಕ ಹಿಡಿದರೆ ಭಾರತದ ಅಂಕಿ ಮೊದಲ ಸಾಲಿನಲ್ಲೇ ತಪ್ಪುತ್ತದೆ.

ಪ್ರತಿ ದೇಶಕ್ಕೆ ಮೂರು ಅಂಕಣ ಹಾಕಿ: ಹಳಿ ಯಾರದು, ಪ್ರಯಾಣಿಕರ ರೈಲು ಓಡಿಸುವವರು ಯಾರು, ಗೂಡ್ಸ್ ಓಡಿಸುವವರು ಯಾರು. ಮೂರನ್ನೂ ಕೂಡಿಸಬೇಡಿ, ಒಂದೇ ಕಂಪೆನಿ ಎರಡು ಮೂರು ಕಡೆ ಬರುತ್ತದೆ. ಮೆಟ್ರೊ ಸೇರಿಸುವುದಾದರೆ ಎಲ್ಲ ದೇಶಕ್ಕೂ ಸೇರಿಸಿ. ಎಣಿಸಿದ ತಿಂಗಳು, ವರ್ಷ ಮೇಲೆ ಬರೆದಿಡಿ.

ಜಪಾನಿಗೆ 'ಏಳು' ಎಂದು ಬರೆದು ಮುಗಿಸುವವರು ಬಹಳ. 1987ರ ಏಪ್ರಿಲ್ 1ರಂದು ಸರಕಾರಿ ರೈಲ್ವೆ ಒಡೆದಾಗ ಆರು ಪ್ರಯಾಣಿಕ ಕಂಪೆನಿ, ಒಂದು ಸರಕು ಕಂಪೆನಿ ಆದದ್ದು ನಿಜ. ಆದರೆ ಇವುಗಳ ಹೊರತಾದ ಖಾಸಗಿ ರೈಲ್ವೆಗಳಲ್ಲಿ ದೊಡ್ಡವೇ 16, ಸಣ್ಣವು ಇನ್ನೆಷ್ಟೋ. ಸರಕು ಕಂಪೆನಿ ಹೆಚ್ಚಾಗಿ ಓಡುವುದು ಇತರರ ಹಳಿಯ ಮೇಲೆ; ಅದನ್ನು ಗೂಡ್ಸ್ ಅಂಕಣದಲ್ಲಿಡಿ.

ಅಮೆರಿಕದ 'ಕ್ಲಾಸ್ ಒನ್' ವಾರ್ಷಿಕ ಆದಾಯದ ಮೇಲೆ ಮಾಡಿದ, ದೊಡ್ಡ ಗೂಡ್ಸ್ ಕಂಪೆನಿಗಳ ದರ್ಜೆ, ಒಟ್ಟು ಸಂಖ್ಯೆಯಲ್ಲ. 2023ರ ಏಪ್ರಿಲ್‌ನಲ್ಲಿ ಕೆನಡಿಯನ್ ಪೆಸಿಫಿಕ್ ಮತ್ತು ಕಾನ್ಸಾಸ್ ಸಿಟಿ ಸದರ್ನ್ ಒಂದಾಗಿ ಏಳಿದ್ದದ್ದು ಆರಾಯಿತು. ಆ ಆರರಲ್ಲಿ ಎರಡರ ಮುಖ್ಯ ಕಚೇರಿ ಕೆನಡಾದಲ್ಲಿ. ಕೆನಡಾದ ಸಾಲೂ ಇದ್ದರೆ ಎರಡು ಸಲ ಎಣಿಕೆಯಾದೀತು. ಸಣ್ಣ ಗೂಡ್ಸ್ ಕಂಪೆನಿಗಳು ಆರುನೂರಕ್ಕೂ ಹೆಚ್ಚು. ದೂರದ ಪ್ರಯಾಣಿಕರ ರೈಲು ಓಡಿಸುವ ಆಮ್‌ಟ್ರಾಕ್‌ಗೆ ಬಹುಪಾಲು ಗೂಡ್ಸ್ ಕಂಪೆನಿಗಳ ಹಳಿಯೇ ಗತಿ.

ಬ್ರಿಟನ್ನಿನಲ್ಲಿ ಮುಖ್ಯ ಜಾಲದ ಹಳಿ ನೆಟ್‌ವರ್ಕ್ ರೈಲ್‌ನದು, ರೈಲು ಓಡಿಸುವವರು ಬೇರೆ. ಅಲ್ಲಿ 'ಸೌತ್ ವೆಸ್ಟರ್ನ್ ರೈಲ್ವೆ' 2025ರ ಮೇಯಲ್ಲಿ ಸರಕಾರದ ಕೈಗೆ ಬಂತು, ಹೆಸರು ಹಾಗೇ ಉಳಿಯಿತು. ಹುಬ್ಬಳ್ಳಿಯ ನಮ್ಮ ನೈರುತ್ಯ ರೈಲ್ವೆಗೂ ಇಂಗ್ಲಿಷಿನಲ್ಲಿ ಅದೇ ಹೆಸರು! ಹೆಸರು ನೋಡಿ ಎಣಿಸಬೇಡಿ, ಒಡೆತನ ನೋಡಿ.

ಸಾವಿರ ಕಿಲೋಮೀಟರಿಗೆ ಎಷ್ಟು ಕಂಪೆನಿ ಎಂದು ಭಾಗಿಸುವುದಾದರೆ ಮಾರ್ಗದ ಉದ್ದ ಹಿಡಿಯಿರಿ, ಹಳಿಯ ಉದ್ದ ಬೇಡ: 10 ಕಿ.ಮೀ. ಜೋಡಿ ಮಾರ್ಗದಲ್ಲಿ ಹಳಿ 20 ಕಿ.ಮೀ. ಆಗುತ್ತದೆ. ಅಮೆರಿಕದ ಅಂಕಿ ಮೈಲಿಯಲ್ಲಿರುತ್ತದೆ, 1.609ರಿಂದ ಗುಣಿಸಿ.